ನೆಲಕ್ಕೆ ಚಿತ್ರ ಕೂರಿಸುತ್ತಿದ್ದ ಸರ್ವೆಯರು

ನನಗೆ ಆಗ ಅರವತ್ತಮೂರು. ಅದಾಗಿ ಎರಡು ವರ್ಷ ದಾಟಿತು.

ಸರ್ವೆಯರ ಬಲಗೈಯ ತೋರುಬೆರಳಿಗೆ ಉಗುರು ಇರಲಿಲ್ಲ. ಸರ್ವಿಸಿನಲ್ಲಿದ್ದಾಗ ಕಡಬದ ಆಚೆ ಎಲ್ಲೋ ಗಡಿಕಲ್ಲು ನೆಡಿಸುವಾಗ ಕಲ್ಲು ಜಾರಿ ಬೆರಳಿನ ಮೇಲೆ ಬಿದ್ದದ್ದಂತೆ. ಉಗುರು ಮತ್ತೆ ಬರಲಿಲ್ಲ. ಬೆರಳಿನ ತುದಿ ಬೇಯಿಸಿ ಸುಲಿದ ಹಲಸಿನ ಬೀಜದ ಹಾಗೆ ನುಣ್ಣಗಿತ್ತು. ಆ ಬೆರಳನ್ನೇ ಕಂಪ್ಯೂಟರಿನ ಪರದೆಗೆ ಒತ್ತಿ, "ಇದು ನಿಮ್ಮ ಮನೆ" ಎಂದು ನನಗೆ ತೋರಿಸಿದರು. ನೋಡಿದರೆ ನನ್ನ ಮನೆ ಹೊಳೆಯ ಒಳಗಿತ್ತು.

ನಾನು ಇದ್ದಲ್ಲೇ ಕೂತುಬಿಟ್ಟೆ. ಉಪ್ಪಿನಂಗಡಿಯಲ್ಲಿ ಹೊಳೆಯ ಬದಿಗೇ ಹುಟ್ಟಿ ಬೆಳೆದವಳಿಗೆ ಅದು ತಮಾಷೆಯಲ್ಲ.

"ಹೆದರ್ಬೇಡಿ ಮಾರಾಯ್ರೆ. ಮನೆ ಹೋಗ್ಲಿಲ್ಲ. ಚಿತ್ರ ಜಾರಿದ್ದು," ಎಂದರು.

ಅವರ ಮನೆಗೂ ನನ್ನ ಮನೆಗೂ ನಡುವೆ ಒಂದು ಕೆಂಪುಕಲ್ಲಿನ ಗೋಡೆ. ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಅಲ್ಲಿ ಬಂದು ಕೂತವರು. ನಾನು ಬೀಡಿ ಕಟ್ಟುವವಳು, ಐದಾರು ಆಡು ಸಾಕಿಕೊಂಡಿದ್ದೆ. ಊರಿನವರಿಗೆ ನಾನು ಆಡಿನುಮ್ಮ, ನಮ್ಮ ಬ್ಯಾರಿ ಮುಸ್ಲಿಮರಲ್ಲಿ ಅಮ್ಮನಿಗೆ ಉಮ್ಮ ಎನ್ನುವುದು. ಗಂಡ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ಇರುವವಳು ಒಬ್ಬಳೇ ಮಗಳು, ಅವಳು ಗಲ್ಫಿನಲ್ಲಿ. ಸರ್ವೆಯರ ಹೆಂಡತಿಗೆ ದಿನಾ ಆಡಿನ ಹಾಲು ಕೊಡಲು ಹೋಗಿ ಹೋಗಿ ಪರಿಚಯ.

ಸರ್ವೆಯರು ಬಹಳ ಮಾತಿನವರಲ್ಲ. ಆದರೆ ಎದುರಿನವರು "ಅಂದಾಜು" ಎಂದರೆ ಸಾಕು, ಮಾತು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಹಾಲು ಎಷ್ಟು ತಂದಿದ್ದೀರಿ ಎಂದು ಕೇಳಿದಾಗ ನಾನು "ಅಂದಾಜು ಅರ್ಧ ಲೀಟರ್" ಅಂದದ್ದಕ್ಕೆ ಅಳತೆ ಲೋಟ ತಂದು ಹೊಯ್ದು ನೋಡಿದ ಮನುಷ್ಯ.

"ಅಂದಾಜಿಗೆ ಎಲ್ಲ ನಡೀತದೆ, ಗಡಿ ನಡಿಯುದಿಲ್ಲ," ಎನ್ನುತ್ತಿದ್ದರು.

"ಅಂದಾಜಿಗೆ ಉಪ್ಪು ಹಾಕಿದ ಸಾರು ಮೂವತ್ತೆಂಟು ವರ್ಷ ಸುರಿದುಕೊಂಡಿದ್ದೀರಿ," ಎಂದು ಒಳಗಿನಿಂದ ಹೆಂಡತಿ ಹೇಳುತ್ತಿದ್ದರು.

ಅವರಿಗೆ ವಿಮಾನ ಹಾರಿಸುವ ಕಂಪ್ಯೂಟರ್ ಆಟದ ಹುಚ್ಚು. ಹಾರಿಸುವುದಕ್ಕಿಂತ ಜಾಸ್ತಿ ಹುಚ್ಚು ಅದರ ಕೆಳಗಿನ ನೆಲದ್ದು. ಆ ಆಟದಲ್ಲಿ ದೊಡ್ಡ ದೊಡ್ಡ ಪಟ್ಟಣ ಚೆನ್ನಾಗಿವೆಯಂತೆ, ನಮ್ಮ ಕಡೆ ಬಂದರೆ ಬರೀ ಹಸಿರು ಬಳಿದಿಟ್ಟ ಹಾಗೆ. ಗುಡ್ಡದ ಏರುತಗ್ಗು ಉಂಟು, ಹೊಳೆಯ ನೀರು ಉಂಟು, ಬೇರೆ ಏನೂ ಇಲ್ಲ. ಅದಕ್ಕೆ ಇವರು ಆಕಾಶದಿಂದ ತೆಗೆದ ಫೋಟೊಗಳನ್ನು ತುಂಡು ತುಂಡಾಗಿ ತಂದು ಆ ಏರುತಗ್ಗಿನ ಮೇಲೆ ಹಾಸುತ್ತಿದ್ದರು. ಅದಕ್ಕೆ ಅವರ ಮಾತು, "ಕೂರಿಸುವುದು." ಉಪ್ಪಿನಂಗಡಿಯಿಂದ ಶುರು ಮಾಡಿ ಒಂದು ತುಂಡಿನ ಅಂಚಿಗೆ ಇನ್ನೊಂದು ತುಂಡು ಹೊಂದಿಸುತ್ತಾ ಪಡುವಣಕ್ಕೆ ಹೋಗಿ ಬಜಪೆಯ ವಿಮಾನ ನಿಲ್ದಾಣದ ಗುಡ್ಡ ಮುಟ್ಟಿದ್ದರು. ಮುಗಿಸಿ ಎಲ್ಲರಿಗೂ ಹಂಚುವವರಿದ್ದರು. ಹಣಕ್ಕಲ್ಲ. ಯಾವುದೋ ದೇಶದಲ್ಲಿ ಕೂತವನು ನಮ್ಮ ಸೇತುವೆಯ ಮೇಲೆ ಹಾರಿ ಹೋಗಬೇಕು, ಅಷ್ಟೇ ಆಸೆ.

ಅದು ನನಗೆ ಯಾಕೆ ಬೇಕಿತ್ತು ಎಂದರೆ, ಹೆದರಿಕೆಗೆ.

ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷಕ್ಕೆ ಹೊಟ್ಟೆಯಲ್ಲಿ ನಿಂತದ್ದು ಏಳನೇ ತಿಂಗಳಿಗೆ ಹೋಯಿತು. ಎರಡನೆಯದೂ ಏಳನೇ ತಿಂಗಳಿಗೇ ಹೋಯಿತು. ಈಗ ಮೂರನೆಯದು. ಐದು ತಿಂಗಳಾಗಿತ್ತು. ಅಳಿಯನದು ಶಿಫ್ಟಿನ ಕೆಲಸ, ಮನೆಯಲ್ಲಿ ಅವಳು ಒಬ್ಬಳೇ. ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಎಂದಿದ್ದರು.

"ಉಮ್ಮ, ಈ ಸಲ ಆದ್ರೂ ಬಾ," ಎಂದಳು ಫೋನಿನಲ್ಲಿ. ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದೆ.

ವೀಸಾ ಬಂತು. ಟಿಕೆಟ್ ಬಂತು. ಐದು ವಾರ ಬಾಕಿ.

ನಮ್ಮ ಕಡೆ ಆ ಗುಡ್ಡದ ಮೇಲಿನ ನಿಲ್ದಾಣದ ಬಗ್ಗೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗಲ್ಫಿನಿಂದ ಬಂದ ವಿಮಾನ ಅಲ್ಲಿ ರನ್‌ವೇ ದಾಟಿ ಗುಡ್ಡದ ಕೆಳಗೆ ಬಿದ್ದು, ಬರಬೇಕಾದವರು ಬಾರದೆ ಹೋದ ಮನೆಗಳು ನಮ್ಮಲ್ಲಿವೆ. ಅಂಥ ಒಂದು ಮನೆಗೆ ನಾನೇ ಹೋಗಿ ಕೂತು ಬಂದವಳು. ಆಮೇಲೆ ತಲೆಯ ಮೇಲೆ ವಿಮಾನ ಹೋದರೂ ನಾನು ಆಡಿನ ಹಟ್ಟಿಯೊಳಗೆ ಹೋಗಿ ನಿಲ್ಲುತ್ತಿದ್ದೆ. ಟಿಕೆಟ್ ಬಂದ ದಿನದಿಂದ ಫೋನ್ ಬಡಿದರೆ ಮಗಳಿಗೆ ಏನಾಯಿತೋ ಎಂದು ಹೆದರಿಕೆ, ಬಡಿಯದಿದ್ದರೆ ದಿನ ಹತ್ತಿರ ಬಂತು ಎಂದು ಹೆದರಿಕೆ.

ಸರ್ವೆಯರ ಹೆಂಡತಿ ನನ್ನ ಮುಖ ನೋಡಿ ಗಂಡನಿಗೆ ಹೇಳಿದರು, "ನಿಮ್ಮ ಆ ಆಟ ಒಂದು ದಿನ ಆದ್ರೂ ಉಪಕಾರಕ್ಕೆ ಬರ್ಲಿ. ಇವರನ್ನು ಕೂರಿಸಿ ಒಮ್ಮೆ ಹಾರಿಸಿ ತೋರ್ಸಿ. ಅಭ್ಯಾಸ ಆದ್ರೆ ಹೆದರಿಕೆ ಹೋಗ್ತದೆ."

ಹಾಗೆ ಅವರು ನನ್ನ ಮನೆ ತೋರಿಸಿದ್ದು, ಮನೆ ಹೊಳೆಯಲ್ಲಿ ಇದ್ದದ್ದು. ಅದೇ ಮಧ್ಯಾಹ್ನ ಬಜಪೆಗೂ ಕರೆದುಕೊಂಡು ಹೋದರು. ಮಿಕ್ಸಿ ತಿರುಗಿದ ಹಾಗೆ ಸದ್ದು. ಗುಡ್ಡ ಎದುರಿಗೆ ಬಂತು. ಗುಡ್ಡದ ಮೇಲೆ ಎರಡು ರನ್‌ವೇ, ಒಂದರ ಪಕ್ಕ ಒಂದು.

"ಎರಡು ಉಂಟಾ ಅಲ್ಲಿ?"

"ಇಲ್ಲ. ಎಡದ್ದು ಆಟದವರೇ ಇಟ್ಟದ್ದು, ಅದು ಗಟ್ಟಿ. ಬಲದ್ದು ನನ್ನ ಫೋಟೊದಲ್ಲಿ ಇರುದು, ಬರೀ ಚಿತ್ರ. ಎರಡೂ ಒಂದರ ಮೇಲೊಂದು ಕೂತ್ಕೊಳ್ಬೇಕಿತ್ತು. ಅರುವತ್ತು ಹೆಜ್ಜೆ ಜಾರಿದೆ."

"ಚಿತ್ರದ ಮೇಲೆ ಇಳಿದ್ರೆ?"

ಆ ಮನುಷ್ಯನಿಗೆ ಸುಳ್ಳು ಬರುತ್ತಿರಲಿಲ್ಲ. ಬಾಯಿಯಲ್ಲಿ ಹೇಳುವ ಬದಲು ಇಳಿಸಿ ತೋರಿಸಿದರು. ಚಿತ್ರದ ರನ್‌ವೇ ಗುಡ್ಡದ ಇಳಿಜಾರಿಗೆ ಬಿದ್ದಿತ್ತು. ಚಕ್ರ ತಾಗಿದ ಕೂಡಲೇ ವಿಮಾನ ವಾಲಿತು, ಒಂದು ಬದಿಗೆ ಮಗುಚಿತು, ಕೆಳಗೆ ಹೋಯಿತು. ಪರದೆ ಕಪ್ಪಾಯಿತು.

ನಾನು ಎದ್ದು ಮನೆಗೆ ಬಂದೆ. ಅಂಗಳಕ್ಕೆ ಬಂದ ಮೇಲೆ ನೋಡಿದರೆ ಕಾಲಲ್ಲಿ ಸರ್ವೆಯರ ಹೆಂಡತಿಯ ಚಪ್ಪಲಿ. ಗೋಡೆಯಾಚೆ ಅವರು ಬೈಯುವುದು ಕೇಳುತ್ತಿತ್ತು. "ಹೆದರಿದವರಿಗೆ ಧೈರ್ಯ ಕೊಡಿ ಅಂದ್ರೆ ಬೀಳಿಸಿ ತೋರ್ಸುದಾ ನೀವು? ತಲೆ ಉಂಟಾ?"

"ಅವರು ಕೇಳಿದ್ರು," ಎಂದರು ಸರ್ವೆಯರು.

ನಾಲ್ಕು ದಿನ ನಾನು ಹಾಲು ಗೋಡೆಯ ಮೇಲಿಟ್ಟು ಬಂದೆ. ಐದನೆಯ ದಿನ ಅವರ ಜಗಲಿಗೆ ಹೋಗಿ ಕೂತು, ಯಾರಿಗೂ ಹೇಳದ ಮಾತು ಹೇಳಿದೆ. ಮಗಳ ಎರಡನೇ ಬಸಿರಿನಲ್ಲಿಯೂ ನನಗೆ ಟಿಕೆಟ್ ಬಂದಿತ್ತು. ನಾನು ಬಜಪೆಗೆ ಹೋಗಿದ್ದೆ. ಚೀಲ ಹಿಡಿದು, ನಿಲ್ದಾಣದ ಬಾಗಿಲಿನವರೆಗೆ ಹೋಗಿ, ವಾಪಸು ಬಂದಿದ್ದೆ. ಮಗಳಿಗೆ ಕಾಗದಪತ್ರ ಸರಿಯಿಲ್ಲ ಎಂದು ವಾಪಸು ಕಳಿಸಿದರು ಎಂದು ಸುಳ್ಳು ಹೇಳಿದ್ದೆ. ಹದಿನೆಂಟು ದಿನಕ್ಕೆ ಮಗು ಹೋಯಿತು. ಆಗ ಮನೆಯಲ್ಲಿ ಅವಳ ಹತ್ತಿರ ಯಾರೂ ಇರಲಿಲ್ಲ. ಬಚ್ಚಲಿನಿಂದ ಫೋನಿನವರೆಗೆ ತೆವಳಿಕೊಂಡು ಬಂದಳಂತೆ.

ಸರ್ವೆಯರ ಹೆಂಡತಿ ಸೆರಗು ಬಾಯಿಗೆ ಹಿಡಿದರು. ಸರ್ವೆಯರು ಸಮಾಧಾನ ಹೇಳಲಿಲ್ಲ. ಅವರು ಕೇಳಿದ್ದು ಇಷ್ಟೇ, "ಬಾಗಿಲಿಂದ ಎಷ್ಟು ಹೆಜ್ಜೆಯಲ್ಲಿ ತಿರುಗಿದ್ದು?"

"ನಾಲ್ಕು."

"ಸರಿ ಗೊತ್ತುಂಟಾ? ಅಂದಾಜಾ?"

"ನಾಲ್ಕೇ. ನನ್ನ ಕಾಲು, ನನಗೆ ಗೊತ್ತಿಲ್ವಾ?"

"ಹಾಗಾದ್ರೆ ಇನ್ನು ನಾಲ್ಕು ಹೆಜ್ಜೆಯ ಕೆಲಸ ಬಾಕಿ ಇರುದು," ಎಂದರು. "ಬನ್ನಿ ಒಳಗೆ. ಆ ಎರಡು ರನ್‌ವೇಯನ್ನು ಒಂದು ಮಾಡದೆ ನಾನು ನಿಮ್ಮನ್ನು ಕಳಿಸುದಿಲ್ಲ."

ಅವತ್ತಿನಿಂದ ದಿನಾ ಊಟವಾದ ಮೇಲೆ ಬೀಡಿಯ ಮೊರ ಹಿಡಿದುಕೊಂಡು ಹೋಗಿ ಅವರ ಹಿಂದೆ ಕೂರುತ್ತಿದ್ದೆ. ಅವರು ಮೂರು ವಾರದಿಂದ ಆ ತಪ್ಪು ಹುಡುಕುತ್ತಿದ್ದರಂತೆ. ಬಜಪೆಯ ತುಂಡನ್ನು ಮಾತ್ರ ಎಳೆದು ಸರಿ ಮಾಡಿದರೆ ಅದರ ಪಕ್ಕದ ತುಂಡಿಗೆ ಹೊಂದುವುದಿಲ್ಲ. ರಸ್ತೆ ಅರ್ಧಕ್ಕೆ ತುಂಡಾಗಿ, ಅರುವತ್ತು ಹೆಜ್ಜೆ ಆಚೆ ಯಾರದೋ ತೋಟದ ನಡುವಿನಿಂದ ಮತ್ತೆ ಶುರುವಾಗುತ್ತದೆ. ಅದನ್ನು ಎಳೆದರೆ ಇನ್ನೊಂದು ತುಂಡಾಗುತ್ತದೆ.

ಚಿತ್ರ ಹೇಗೆ ಕೂರಿಸುವುದು ಎಂದು ನಾನು ಕೇಳಿದೆ. ಅವರು ಹೆಂಡತಿಯ ಒಂದು ಹಳೆ ಸೀರೆ ತಂದು ನೆಲದ ಮೇಲೆ ಹಾಸಿದರು. ಒಂದು ಮೂಲೆಗೆ ಕಲ್ಲು ಇಟ್ಟರು.

"ಒಂದು ಕಡೆ ಹಿಡಿದ್ರೆ ತಿರುಗ್ತದೆ. ಎರಡು ಕಡೆ ಹಿಡಿದ್ರೆ ಹೊಟ್ಟೆ ಬಿಡ್ತದೆ. ನಾಲ್ಕೂ ಕಡೆ ಹಿಡಿದ್ರೆ ಮಾತ್ರ ಕೂತ್ಕೊಳ್ತದೆ. ಹಿಡಿಯುವ ಜಾಗ ಮೇಲಿಂದಲೂ ಕಾಣ್ಬೇಕು, ನೆಲದಲ್ಲೂ ಇರ್ಬೇಕು. ಮರವನ್ನು ನಂಬ್ಲಿಕ್ಕಿಲ್ಲ. ಮನೆಯ ಮಾಡು ನಂಬ್ಲಿಕ್ಕಿಲ್ಲ, ಎತ್ತರದ್ದೆಲ್ಲ ಮೇಲಿಂದ ಒಂದು ಬದಿಗೆ ವಾಲಿ ಕಾಣ್ತದೆ. ಹೊಳೆಯ ತಿರುವು ನಂಬ್ಲಿಕ್ಕೇ ಇಲ್ಲ. ನೆಲಕ್ಕೆ ಅಂಟಿದ್ದು, ಕದಲದ್ದು, ಅದು ಮಾತ್ರ."

"ನೀವು ಮೊದಲು ಹಿಡಿದದ್ದು ಎಲ್ಲಿ?"

"ಸಂಗಮದಲ್ಲಿ," ಎಂದರು. ಹೇಳುವಾಗ ಕೈ ತನ್ನಷ್ಟಕ್ಕೆ ಎದೆಗೆ ಹೋಯಿತು. "ನೇತ್ರಾವತಿ ಕುಮಾರಧಾರ ಸೇರುವಲ್ಲಿ. ದೇವರ ಎದುರೇ. ಅಲ್ಲಿಂದ ಶುರು ಮಾಡಿದ್ದು."

ನಾನು ಬೀಡಿ ಕೆಳಗಿಟ್ಟೆ. ಮಳೆ ಜೋರಾಗಿ ಎರಡೂ ಹೊಳೆ ತುಂಬಿ ದೇವಸ್ಥಾನದ ಎದುರು ಒಂದಾದರೆ ಊರಿನವರು ಸಂಗಮವಾಯಿತು ಎನ್ನುತ್ತಾರೆ. ಪೂಜೆ ನಡೆಯುತ್ತದೆ. ನಾವೂ ನೋಡಲು ಹೋಗಿ ನಿಲ್ಲುತ್ತೇವೆ. ಅದೆಲ್ಲ ಸರಿ. ಆದರೆ ನಾನು ಬೇಸಿಗೆಯಲ್ಲಿ ಆ ಮರಳಿನ ಮೇಲೆ ಆಡು ಹೊಡೆದುಕೊಂಡು ಹೋದವಳು.

"ಸರ್ವೆಯರೇ, ಅದು ನೀರಲ್ವಾ?"

"ಎಂತ?"

"ಸಂಗಮವೂ ನೀರೇ ಅಲ್ವಾ? ಮಳೆಗಾಲದಲ್ಲಿ ದೇವಸ್ಥಾನದ ಮೆಟ್ಲಿಗೆ ಬರ್ತದೆ. ಈಗ ಹೋಗಿ ನೋಡಿ, ಎರಡು ಹೊಳೆ ಕೂಡುದು ಆಚೆ ದಂಡೆಯ ಹತ್ತಿರ, ಎಷ್ಟೋ ಕೆಳಗೆ. ನಿಮ್ಮ ಚಿತ್ರ ಯಾವ ತಿಂಗಳಿದ್ದು?"

"ಸಂಗಮ ಅಂದ್ರೆ ಸಂಗಮ. ಅದು ಎಲ್ಲಿಗೆ ಹೋಗ್ತದೆ?"

"ಚಿತ್ರದಲ್ಲಿ ಮರಳು ಕಾಣ್ತದೆ ನೋಡಿ. ಅದು ಬೇಸಿಗೆಯದ್ದು. ಬೇಸಿಗೆಯ ಸಂಗಮವನ್ನು ತಂದು ನೀವು ಮಳೆಗಾಲದ ಮೆಟ್ಲಿನ ಎದುರು ಇಟ್ಟಿದ್ದೀರಿ."

ಅವರು ಪರದೆಯನ್ನು ನೋಡುತ್ತಾ ಕೂತರು. ಆಮೇಲೆ ಕಂಪ್ಯೂಟರ್ ಆರಿಸಿದರು. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾನು ಬ್ಯಾರಿ ಹೆಂಗಸು ಅವರ ಸಂಗಮಕ್ಕೆ ಕೈ ಹಾಕಿದ್ದು ತಪ್ಪಾಯಿತೋ ಎಂದು ಅದೂ ಒಂದು ಹೆದರಿಕೆ ಸೇರಿಕೊಂಡಿತು. ಇದ್ದ ಒಂದು ಜಗಲಿಯನ್ನೂ ಬಾಯಿಯಿಂದ ಕಳೆದುಕೊಂಡೆ ಎಂದುಕೊಂಡೆ.

ನಾಲ್ಕನೆಯ ದಿನ ಬಿಸಿಲಿಳಿಯುವ ಹೊತ್ತಿಗೆ ಕೊಡೆ ಹಿಡಿದು ನನ್ನ ಅಂಗಳಕ್ಕೇ ಬಂದರು. "ಮೂವತ್ತು ವರ್ಷ ಹೊಳೆಬದಿಯ ಗಡಿ ಗಲಾಟೆಯಲ್ಲಿ ಜನರಿಗೆ ಬೈದಿದ್ದೇನೆ, ನೀರನ್ನು ಗಡಿ ಮಾಡ್ಬೇಡಿ ಅಂತ. ಕೊನೆಗೆ ನಾನೇ ಮಾಡಿದೆ. ಅಲ್ಲಿ ಸರ್ವೆ ಮಾಡ್ಲಿಲ್ಲ ನಾನು, ಕೈ ಮುಗಿದೆ," ಎಂದರು. ಆಮೇಲೆ, "ಆಡಿನುಮ್ಮ, ಇಲ್ಲಿ ಕದಲದ್ದು ಎಂತೆಲ್ಲ ಉಂಟು? ತೋರ್ಸಿ," ಎಂದರು.

ತೋರಿಸಿದೆ. ಗುಡ್ಡದ ಬೆನ್ನಿನ ಹಾಸುಬಂಡೆ, ನಾನು ಮೆಣಸು ಒಣಗಿಸುವುದು ಅಲ್ಲೇ. ಹೊಳೆಯ ಸೇತುವೆಯ ಈಚೆ ತುದಿ. ಶಾಲೆಯ ಬಾವಿಯ ಕಟ್ಟೆ. ನಾಲ್ಕನೆಯದು ನಮ್ಮ ಖಬರಸ್ಥಾನದ ಗೋಡೆಯ ಮೂಲೆ.

"ಇದು ಕದಲುದಿಲ್ವಾ?"

"ನನ್ನ ಗಂಡ ಇಲ್ಲೇ ಇರುದು. ಹನ್ನೆರಡು ವರ್ಷದಿಂದ ಎಲ್ಲಿಗೂ ಹೋಗ್ಲಿಲ್ಲ."

ಸರ್ವೆಯರು ಒಂದೊಂದು ಕಡೆಯಲ್ಲೂ ಮೊಬೈಲು ಹಿಡಿದು ಬಹಳ ಹೊತ್ತು ನಿಂತು ಅಂಕೆ ಬರೆದುಕೊಂಡರು. ಹಾಸುಬಂಡೆ ಹತ್ತುವಾಗ ನಡುವೆ ಎರಡು ಸಲ ಕೂತರು. ಮುಖ ಬಿಳುಚಿತ್ತು. ಎಂತಾಯಿತು ಎಂದರೆ, "ಎಂತ ಇಲ್ಲ, ಬಿಸಿಲು," ಎಂದರು. ಬಿಸಿಲು ಇಳಿದಿತ್ತು. ನನಗೆ ಆಗಲೇ ಗೊತ್ತಾಗಬೇಕಿತ್ತು. ನನ್ನ ತಲೆಯಲ್ಲಿ ನನ್ನದೇ ಹೆದರಿಕೆ ತುಂಬಿತ್ತು, ಇನ್ನೊಬ್ಬರದಕ್ಕೆ ಜಾಗ ಇರಲಿಲ್ಲ.

ಮೊದಲ ತುಂಡು ಕೂತ ದಿನ ನನ್ನ ಮನೆ ಹೊಳೆಯಿಂದ ಮೇಲೆ ಬಂತು. ಆಡಿನ ಹಟ್ಟಿಯ ತಗಡು, ಅದರ ಬದಿಯ ಬಾವಿ, ಎಲ್ಲ ದಂಡೆಯ ಮೇಲೆ ಇರಬೇಕಾದಲ್ಲಿ ಇತ್ತು. ಆಮೇಲೆ ಒಂದೊಂದೇ ತುಂಡು ಪಡುವಣಕ್ಕೆ ಹೊರಟಿತು. ದಿನಕ್ಕೆ ಎರಡು ಆದರೆ ಹೆಚ್ಚು. ನಾನು ಬೀಡಿ ಕಟ್ಟುತ್ತಾ ನೋಡುತ್ತಿದ್ದೆ. ರಸ್ತೆ ತುಂಡಾಗಿ ಕಂಡರೆ ಹೇಳುವುದು ನನ್ನ ಕೆಲಸ. ಅವರ ಕಣ್ಣಿಗೆ ಸಣ್ಣದು ಕಾಣುತ್ತಿರಲಿಲ್ಲ.

ಹಾಗೆ ಕೂತಿರುವಾಗ ಒಂದು ದಿನ ಮಗಳ ಫೋನ್ ಬಂತು. ಸ್ವಲ್ಪ ರಕ್ತ ಕಂಡಿತು ಎಂದಳು. ಮೊರ ಕೆಳಗೆ ಬಿತ್ತು. ಮುಂದೆ ಅವಳು ಏನು ಹೇಳಿದಳೋ ನನ್ನ ಕಿವಿಗೆ ಹೋಗಲಿಲ್ಲ. ಸರ್ವೆಯರ ಹೆಂಡತಿ ಫೋನ್ ತೆಗೆದುಕೊಂಡು ಮಾತಾಡಿದರು. ಡಾಕ್ಟರಿಗೆ ತೋರಿಸಿ ಆಗಿದೆ, ಮಗುವಿಗೆ ತೊಂದರೆ ಇಲ್ಲ, ಮಲಗಿಯೇ ಇರಬೇಕು ಎಂದಿದ್ದಾರೆ ಎಂದರು. ಸರ್ವೆಯರು ನೆಲಕ್ಕೆ ಬಗ್ಗಿ ಚೆಲ್ಲಿದ ಹೊಗೆಸೊಪ್ಪು ಬಾಚಿ ಮೊರಕ್ಕೆ ತುಂಬಿದರು. ಆಮೇಲೆ ಸಂಜೆ ದೀಪ ಹಚ್ಚುವವರೆಗೂ ಏಳದೆ ಐದು ತುಂಡು ಕೂರಿಸಿದರು.

ಟಿಕೆಟಿನ ದಿನಕ್ಕೆ ಮೂರು ದಿನ ಮೊದಲು ಕರೆದರು. ವಿಮಾನ ಮೇಲೇರಿತು. ನನ್ನ ಮನೆ, ಸೇತುವೆ, ಹೆದ್ದಾರಿ, ಗುಡ್ಡ. ಗುಡ್ಡದ ಮೇಲೆ ಒಂದೇ ರನ್‌ವೇ. ಇಳಿಯಿತು, ಓಡಿತು, ನಿಂತಿತು. ಮುಂದೆ ನೆಲ ಮುಗಿದು ಬರೀ ಗಾಳಿ ಇರುವ ಜಾಗ ಕಾಣುತ್ತಿತ್ತು.

"ಕೊನೆ ಉಂಟಲ್ಲಾ," ಎಂದೆ.

"ಉಂಟು. ಎಲ್ಲ ರನ್‌ವೇಗೂ ಉಂಟು. ಅದರಿಂದ ಮೊದಲು ನಿಲ್ಲಿಸ್ಲಿಕ್ಕೆ ಹಾರಿಸುವವ ಕಲಿತು ಬಂದದ್ದು."

"ನನಗೆ ಹೆದರಿಕೆ ಹೋಗ್ಲಿಲ್ಲ ಸರ್ವೆಯರೇ."

"ಹೋಗುದಿಲ್ಲ. ನನಗೂ ಹೆದರಿಕೆಯೇ. ನಾನು ಒಮ್ಮೆಯೂ ವಿಮಾನ ಹತ್ಲಿಲ್ಲ," ಎಂದರು.

ಹೆಂಡತಿ ಬಾಗಿಲಲ್ಲಿ ನಿಂತು ನಕ್ಕರು. "ಇಷ್ಟು ದಿನ ಹೇಳ್ಲಿಲ್ಲ ನೋಡಿ, ಕಳ್ಳ."

"ಕೇಳ್ಲಿಲ್ಲ ಅವರು," ಎಂದರು ಸರ್ವೆಯರು. ನನಗೂ ನಗು ಬಂತು. ಎಷ್ಟೋ ದಿನಕ್ಕೆ ಬಂದದ್ದು.

ಹೊರಡುವ ದಿನ ಗೋಡೆಯ ಹತ್ತಿರ ಬಂದು ನಿಂತರು. "ಇಳಿದ ಮೇಲೆ ಫೋನ್ ಮಾಡಿ. ತಲುಪಿದೆ ಅಂತ ಹೇಳ್ಲಿಕ್ಕಲ್ಲ. ನನ್ನದರಲ್ಲಿ ಎಲ್ಲಿ ತಪ್ಪುಂಟು ಹೇಳ್ಲಿಕ್ಕೆ," ಎಂದರು.

ನಿಲ್ದಾಣದ ಬಾಗಿಲಲ್ಲಿ ಕಾಲು ಮತ್ತೆ ಅಲ್ಲೇ ನಿಂತಿತು. ಹಿಂದಿನಿಂದ ಗಾಡಿ ತಳ್ಳುತ್ತಿದ್ದವನು "ಉಮ್ಮ, ಸ್ವಲ್ಪ ಮುಂದೆ ಹೋಗಿ" ಎಂದ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದೆ. ಐದನೆಯದು ಬಾಗಿಲಿನ ಒಳಗೆ ಬಿತ್ತು. ವಿಮಾನ ಓಡುವಾಗ ಎದುರಿನ ಸೀಟನ್ನು ಹಿಡಿದುಕೊಂಡು ಕಿಟಕಿಯನ್ನೇ ನೋಡಿದೆ. ರನ್‌ವೇ ಮುಗಿಯಿತು, ಗುಡ್ಡ ಮುಗಿಯಿತು, ಅವರು ತೋರಿಸಿದ ಹಾಗೆಯೇ. ಅದು ಐದು ನಿಮಿಷ ಸಹ ಇಲ್ಲ. ಆಮೇಲೆ ಸಮುದ್ರ. ಗಂಟೆಗಟ್ಟಲೆ ಬರೀ ಸಮುದ್ರ. ಹಿಡಿಯಲು ಒಂದು ಕಲ್ಲಿಲ್ಲ, ಗೋಡೆ ಇಲ್ಲ. ಅಷ್ಟು ಹೆದರಿಕೆ ನಾನು ಜೀವಮಾನದಲ್ಲಿ ಪಟ್ಟದ್ದಿಲ್ಲ. ಕೂತಲ್ಲಿಂದ ಏಳದೆ, ನೀರು ಕುಡಿಯದೆ, ಬಾಯಿಗೆ ಬಂದ ದುವಾ ಎಲ್ಲ ಹೇಳಿಕೊಂಡು ಇಳಿದೆ.

ಫೋನ್ ಮಾಡಿದೆ. "ನೀವು ಸಮುದ್ರ ತೋರಿಸ್ಲೇ ಇಲ್ಲ," ಎಂದೆ.

"ಅದರಲ್ಲಿ ಕೂರಿಸ್ಲಿಕ್ಕೆ ಎಂತ ಉಂಟು ಮಾರಾಯ್ರೆ," ಎಂದರು. ಆಮೇಲೆ, "ಮಗಳು ಹೇಗಿದ್ದಾಳೆ?" ಎಂದು ಕೇಳಿದರು. ಆಮೇಲಿನ ಫೋನೆಲ್ಲ ಅವರ ಹೆಂಡತಿಯ ಹತ್ತಿರವೇ ಆಯಿತು, ಅವರ ಹತ್ತಿರ ಅದು ಕೊನೆಯ ಮಾತು ಎಂದು ಯಾರಿಗೆ ಗೊತ್ತಿತ್ತು.

ಏಳನೇ ತಿಂಗಳು ಬಂತು. ನಾನು ಅವಳ ಮಂಚದ ಕಾಲಿಗೆ ಒರಗಿಯೇ ಇದ್ದೆ. ಅವಳು ಮಗ್ಗುಲು ಬದಲಿಸಿದರೆ ನಾನು ಎದ್ದು ನಿಲ್ಲುತ್ತಿದ್ದೆ. ಏಳು ದಾಟಿತು. ಎಂಟು ದಾಟಿತು. ಒಂಬತ್ತಕ್ಕೆ ಹೆಣ್ಣು ಮಗು. ಹುಟ್ಟಿದ ಕೂಡಲೇ ಅಳಲಿಲ್ಲ. ಒಂದು ಗಳಿಗೆ ಬಿಟ್ಟು ಅತ್ತಿತು. ಆ ಒಂದು ಗಳಿಗೆ ನಾನು ಹೊರಗೆ ನಿಂತದ್ದನ್ನು ಬರೆಯುವುದಿಲ್ಲ.

ಮಗುವಿಗೆ ಇಪ್ಪತ್ತೆರಡು ದಿನವಾಗಿದ್ದಾಗ ಮಧ್ಯಾಹ್ನ ಊರಿನಿಂದ ಫೋನ್. ಸರ್ವೆಯರ ಹೆಂಡತಿ. ಬೆಳಿಗ್ಗೆ ಕಾಫಿ ಕುಡಿದು ಕಂಪ್ಯೂಟರಿನ ಎದುರು ಕೂತವರು ಹಾಗೇ ಮೇಜಿನ ಮೇಲೆ ಬಗ್ಗಿದರಂತೆ. ಪುತ್ತೂರಿನ ಆಸ್ಪತ್ರೆಗೆ ಮುಟ್ಟುವ ಮೊದಲೇ ಮುಗಿದಿತ್ತು. "ಮಗು ಹೇಗುಂಟು ಅಂತ ನಿನ್ನೆಯೂ ಕೇಳಿದ್ರು," ಎಂದರು.

ನಾನು ಊಟಕ್ಕೆ ಏಳಲಿಲ್ಲ. ಮಗಳು ಬಂದು, "ಪಕ್ಕದ ಮನೆಯವರಿಗೆ ಹೀಗೆ ಕೂತ್ಕೊಳ್ತೀಯಾ? ಅವರು ನಿನಗೆ ಎಂತ ಆಗ್ಬೇಕು?" ಎಂದು ಕೇಳಿದಳು.

ಆಗ ಎಲ್ಲ ಹೇಳಿದೆ. ಅವರ ವಿಷಯ ಹೇಳಬೇಕಾದರೆ ನಿಲ್ದಾಣದ ಬಾಗಿಲಿನ ವಿಷಯ ಹೇಳದೆ ಆಗುವುದಿಲ್ಲ. ಎರಡನೆಯ ಸಲ ಕಾಗದಪತ್ರ ಸರಿಯಿತ್ತು, ಯಾರೂ ನನ್ನನ್ನು ವಾಪಸು ಕಳಿಸಲಿಲ್ಲ, ನಾನೇ ನಾಲ್ಕು ಹೆಜ್ಜೆ ಬಿಟ್ಟು ತಿರುಗಿ ಬಂದೆ ಎಂದೆ. ನೀನು ಬಚ್ಚಲಿನಿಂದ ತೆವಳುವಾಗ ನಾನು ಆಡಿಗೆ ಸೊಪ್ಪು ಹಾಕುತ್ತಿದ್ದೆ ಎಂದೆ.

ಅವಳು ನನ್ನನ್ನು ನೋಡಿದಳು. ಮಗುವನ್ನು ಎತ್ತಿಕೊಂಡಳು. ಕೋಣೆಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳಿಯ ಬಂದು ತಟ್ಟಿದಾಗ ಅವನಿಗೆ ಮಾತ್ರ ತೆಗೆದಳು. ಆ ಸಮುದ್ರದ ಮೇಲೆ ಪಟ್ಟ ಹೆದರಿಕೆಯೇ ದೊಡ್ಡದು ಎಂದುಕೊಂಡಿದ್ದೆ. ಅಲ್ಲ.

ಮರುದಿನ ಬೆಳಿಗ್ಗೆ ನಮಾಜು ಮುಗಿಸಿ, ದಿನದ ಹಾಗೆ ಮಗುವಿನ ಸ್ನಾನಕ್ಕೆ ನೀರು ಕಾಯಿಸಿದೆ. ಎಣ್ಣೆ ಬಿಸಿ ಮಾಡಿದೆ. ಬಚ್ಚಲಿನ ನೆಲಕ್ಕೆ ಟವೆಲು ಹಾಸಿ, ಕಾಲು ಚಾಚಿ ಕೂತೆ. ಕರೆಯಲಿಲ್ಲ. ಕರೆಯುವ ಬಾಯಿ ನನಗಿರಲಿಲ್ಲ. ನೀರು ಆರುತ್ತಾ ಬಂತು. ಕೋಣೆಯ ಬಾಗಿಲು ತೆಗೆದ ಸದ್ದಾಯಿತು. ಮಗಳು ಬಂದು, ಬಗ್ಗಿ ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿದಳು. ನಾನು ಅಂಗೈಗೆ ಎಣ್ಣೆ ಹೊಯ್ದುಕೊಂಡು ಮಗುವನ್ನು ಮೀಯಿಸಿದೆ.